ಭಾನುವಾರಕ್ಕೆ ಹಾಕಿದ ಓಟು

ಏನೇನು ತಪ್ಪಾಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮನಸ್ಸು ಸ್ವಲ್ಪ ಹಗುರಾಗುತ್ತದೆ. ಗುರುತಿನ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋಗಬಹುದಿತ್ತು. ಮರೆಯಬಾರದೆಂದು ಹಿಂದಿನ ದಿನವೇ ಅದನ್ನು ಕೋಟಿನ ಜೇಬಿಗೆ ಹಾಕಿಟ್ಟು, ಬೆಳಿಗ್ಗೆ ಬೇರೆ ಕೋಟು ತೊಟ್ಟು ಹೋಗಬಹುದಿತ್ತು. ನಮ್ಮೂರಲ್ಲಿ ಎರಡು ಪ್ರಾಥಮಿಕ ಶಾಲೆಗಳಿವೆ, ನಮ್ಮದಲ್ಲದ ಶಾಲೆಯ ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಳ್ಳಬಹುದಿತ್ತು. ಇಲ್ಲಿನ ದಾಖಲೆಗಳಲ್ಲಿ ನನ್ನ ಇನಿಷಿಯಲ್ಲು ಹಿಗ್ಗಿ ಮನೆತನದ ಹೆಸರಾಗಿ ಕೂತಿದೆ, ಅಂದರೆ ನಾನು ನಮ್ಮಪ್ಪನ ಹೆಸರಿನಲ್ಲಿ ಓಡಾಡುತ್ತಿದ್ದೇನೆ. ಪಟ್ಟಿಯಲ್ಲಿ ಅಪ್ಪ ಸಿಕ್ಕಿ ನಾನು ಸಿಗದೆ ಹೋಗಬಹುದಿತ್ತು. ಮೇಜಿನ ಮೇಲೆ ಹಾಸುವ ಬಟ್ಟೆಯಷ್ಟು ದೊಡ್ಡದಾದ ಮತಪತ್ರವನ್ನು ಮಡಿಸುವಾಗ ಹರಿದುಬಿಡಬಹುದಿತ್ತು. ಚುನಾವಣೆಯ ಕಾಗದ ಅದೇ ದಿನ ನಡೆದ ಜನಮತಗಣನೆಯ ಪೆಟ್ಟಿಗೆಗೂ, ಜನಮತದ ಕಾಗದ ಚುನಾವಣೆಯ ಪೆಟ್ಟಿಗೆಗೂ ಬೀಳಬಹುದಿತ್ತು. ಎಲ್ಲ ಸರಿಯಾಗಿ ಮುಗಿಸಿ ಹೊರಬಂದ ಮೇಲೆ, ‘ಹೌದು’ ಎನ್ನುವಲ್ಲಿ ‘ಬೇಡ’ ಎಂದೆನೇನೋ ಎಂಬ ಅನುಮಾನ ಶುರುವಾಗಿ, ಸಾಯುವ ತನಕ ಬಿಡದೆ ಕಾಡಬಹುದಿತ್ತು.

ನಗಬೇಡಿ. ನಾನು ಹುಟ್ಟಿದ್ದೇ ಹೀಗೆ. ಮೈಸೂರಿನಲ್ಲಿ ನಮ್ಮಮ್ಮ ನೆಂಟರಿಗೆ ನನ್ನನ್ನು ಪರಿಚಯಿಸುತ್ತಿದ್ದದ್ದೇ, “ಇವನೇ ನೋಡಿ, ಬಸ್ಸು ಬರೋಕೆ ಮುಂಚೇನೇ ತಪ್ಪಿಹೋಯ್ತು ಅಂತ ಅಳೋನು” ಎಂದು. ಆ ಮಗುವೇ ಬೆಳೆದು, ಕೂದಲು ನರೆಸಿಕೊಂಡು, ಜರ್ಮನಿಯ ಪ್ರಜೆಯಾಗಿ, ಇಲ್ಲಿನ ಸಣ್ಣದೊಂದು ಊರಿನಲ್ಲಿ ಕುಳಿತು ನಿಮಗೆ ಇದನ್ನು ಬರೆಯುತ್ತಿದೆ. ಊರಿನ ಹೆಸರನ್ನು ಬರೆಯುತ್ತಿಲ್ಲ. ಪಕ್ಕದ ಹರ್ಟ್ಸೋಗೆನಾವ್‌ರಾಕ್ ಎಂಬ ಹೆಸರನ್ನು ಗಟ್ಟಿಯಾಗಿ ಓದಿ ನೋಡಿ. ನಮ್ಮೂರಿನದು ಅದರ ಅಣ್ಣನಂತಿದೆ.

ಇದೆಲ್ಲ ನೆನಪಾದದ್ದು ಮೊನ್ನೆ ಅಂಚೆಡಬ್ಬಿಯಲ್ಲಿ ಬಂದ ಮತದಾನದ ಸೂಚನಾ ಪತ್ರದಿಂದ. ಈ ಸಲದ್ದು ನಗರಸಭೆಯ ಚುನಾವಣೆ, ಚಿಕ್ಕದು, ತಲೆಕೆಡಿಸಿಕೊಳ್ಳುವಂಥದ್ದಲ್ಲ. ಆದರೂ ಆ ಮಾಸಲು ಕಾಗದ ಕೈಗೆ ತಾಗಿದ ಕೂಡಲೇ ಪರೀಕ್ಷೆಯ ಹಾಲ್ ಟಿಕೆಟ್ಟಿನಂತೆ ಹೆಸರು, ವಿಳಾಸ ಎರಡೆರಡು ಸಲ ತಾಳೆ ನೋಡಿದೆ. ನಾನು ಜುಬೈದಾಳ ಅಂಗಡಿಗಾಗಿ ಓಟು ಹಾಕಿದ ಆ ವರ್ಷ ಮತ್ತೆ ಕಣ್ಣ ಮುಂದೆ ಬಂತು.

ಜುಬೈದಾ ಪುತ್ತೂರಿನವಳು. ಗಂಡ ರಫೀಕ್ ಇಲ್ಲೇ ಒಂದು ಕಂಪನಿಯಲ್ಲಿ ಎಂಜಿನಿಯರ್. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂರಲಾರೆನೆಂದು, ರೈಲ್ವೆ ಸ್ಟೇಷನ್ನಿಂದ ಚರ್ಚಿಗೆ ಹೋಗುವ ದಾರಿಯಲ್ಲಿ, ಹಿಂದೊಮ್ಮೆ ದರ್ಜಿಯೊಬ್ಬ ಇದ್ದ ಚಿಕ್ಕ ಜಾಗ ಹಿಡಿದು ದಿನಸಿ ಅಂಗಡಿ ತೆರೆದಳು. ಕುಚ್ಚಲಕ್ಕಿ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಕರಿಬೇವು, ಅಪರೂಪಕ್ಕೊಮ್ಮೆ ಅಪ್ಪೆಮಿಡಿ. ಅಂಗಡಿಯ ಬಾಗಿಲು ತೆರೆದರೆ ಹುರಿದ ಕೊತ್ತಂಬರಿ ಬೀಜದ ವಾಸನೆ ಮುಖಕ್ಕೆ ಬಂದು, ಕನ್ನಡಕದ ಮೇಲೆ ಮಂಜು ಕೂತು, ಒಂದು ಕ್ಷಣ ಎಲ್ಲಿದ್ದೇನೆಂದು ಮರೆತುಹೋಗುತ್ತಿತ್ತು. ನಮ್ಮ ಸುತ್ತಲಿನ ಊರುಗಳ ಕನ್ನಡದವರಿಗೆಲ್ಲ ಆ ಅಂಗಡಿಯೆಂದರೆ ಪ್ರಾಣ. ಆದರೆ ಪ್ರಾಣ ಎನ್ನುವುದು ಬೇರೆ, ಹೋಗಿ ಸಾಮಾನು ತರುವುದು ಬೇರೆ.

ವಾರದ ದಿನಗಳಲ್ಲಿ ನಮಗೆ ಕೆಲಸ. ಶನಿವಾರ ಮಕ್ಕಳ ಈಜು, ಬಟ್ಟೆ ಒಗೆತ, ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ವಾರದ ಖರೀದಿ. ಉಳಿದದ್ದು ಭಾನುವಾರ. ಭಾನುವಾರ ಇಲ್ಲಿ ಅಂಗಡಿ ತೆರೆಯುವಂತಿಲ್ಲ, ಅದು ಕಾನೂನು. ಹಾಗಾಗಿ ಜುಬೈದಾಳನ್ನು ಎಲ್ಲಿ ಕಂಡರೂ ನಮ್ಮೆಲ್ಲರ ಬಾಯಲ್ಲಿ ಒಂದೇ ಮಾತು: “ಭಾನುವಾರ ಒಂದು ತೆಗೆದಿದ್ರೆ ಬಂದೇ ಬರ್ತಿದ್ವಿ ಜುಬೈದಾ.” ಮದುವೆಗೆ ಹೋಗಲಾಗದವರು ಹೇಳುವ ಧಾಟಿಯಲ್ಲಿ ಇದನ್ನು ಹೇಳುತ್ತಿದ್ದೆವು. ಅವಳು ಅದನ್ನು ನಂಬಿದ್ದಳು.

ಭಾನುವಾರದ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಈ ದೇಶಕ್ಕೆ ಬಂದ ಮೊದಲ ಭಾನುವಾರ ಮನೆಯಲ್ಲಿ ಹಾಲಿರಲಿಲ್ಲ. ಕಾಫಿಗೆಂದು ಹಾಲು ಹುಡುಕಿಕೊಂಡು ಹೊರಟವನಿಗೆ, ಊರಿಗೆ ಊರೇ ಎದ್ದು ಎಲ್ಲೋ ಹೋಗಿಬಿಟ್ಟಂತೆ ಕಂಡಿತು. ಬೀದಿಯಲ್ಲಿ ನಾನು ಮತ್ತು ಒಂದು ಬೆಕ್ಕು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. “ಇದೇನು ಊರೋ ಸೂತಕದ ಮನೆಯೋ” ಎಂದು ಹೆಂಡತಿ ಗಿರಿಜಾಗೆ ಫೋನಿನಲ್ಲಿ ಗೋಳಾಡಿದ್ದೆ. ಅವಳು ಆಗಿನ್ನೂ ಮೈಸೂರಿನಲ್ಲಿದ್ದಳು. “ಒಂದಿನ ಕಪ್ಪು ಕಾಫಿ ಕುಡೀರಿ, ಏನಾಗಲ್ಲ” ಎಂದಳು. ಇಂಥ ಹೆಂಡತಿ ಇಲ್ಲದಿದ್ದರೆ ನನ್ನಂಥವನು ಎಂದೋ ಆಸ್ಪತ್ರೆ ಸೇರುತ್ತಿದ್ದ.

ಜುಬೈದಾಳ ಅಂಗಡಿ ಕುಂಟುತ್ತಿತ್ತು. ಬಾಡಿಗೆಯ ಕರಾರು ಮುಗಿಯುವುದರೊಳಗೆ ವ್ಯಾಪಾರ ಚಿಗುರದಿದ್ದರೆ ಬಾಗಿಲು ಹಾಕುವುದೇ ಎಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಅಷ್ಟರಲ್ಲಿ ನಮ್ಮ ರಾಜ್ಯದಲ್ಲಿ ಚಿಕ್ಕ ಅಂಗಡಿಯವರೆಲ್ಲ ಸೇರಿ ಸಹಿ ಸಂಗ್ರಹಿಸಿ ಒಂದು ಮಸೂದೆಯನ್ನು ಜನರ ಮುಂದೆ ತಂದರು. ಮಾಲೀಕರು ಮತ್ತು ಅವರ ಮನೆಯವರೇ ನಿಂತು ನಡೆಸುವ ಪುಟ್ಟ ಅಂಗಡಿಗಳು ಭಾನುವಾರ ಮಧ್ಯಾಹ್ನ ತೆರೆಯಬಹುದು, ಇಷ್ಟೇ ಅದರ ಸಾರ. ರಾಜ್ಯದ ಚುನಾವಣೆಯ ದಿನವೇ ಅದರ ಮೇಲೂ ಮತದಾನ. ಇದಕ್ಕೆ ಇಲ್ಲಿ ಫೋಲ್ಕ್ಸೆಂಟ್‌ಶೈಡ್ ಎನ್ನುತ್ತಾರೆ, ಜನರೇ ಕಾನೂನು ಮಾಡುವುದು. ಕೇಳಲು ಚೆನ್ನಾಗಿದೆ. ಮಾಡಲು ಕುಳಿತಾಗ ಗೊತ್ತಾಗುತ್ತದೆ, ಕಾನೂನು ಮಾಡುವವರಿಗೆ ಸಂಬಳ ಏಕೆ ಕೊಡುತ್ತಾರೆಂದು.

ಸಮಸ್ಯೆ ಏನಾಯಿತೆಂದರೆ, ಶಾಸನಸಭೆ ಸುಮ್ಮನೆ ಕೂರಲಿಲ್ಲ. ಜನರ ಮಸೂದೆಗೆ ಎದುರಾಗಿ ತನ್ನದೊಂದು ಮಸೂದೆಯನ್ನು ಅದೇ ಕಾಗದದಲ್ಲಿ ಇಟ್ಟಿತು. ಮನುಷ್ಯರು ಭಾನುವಾರ ವಿಶ್ರಾಂತಿ ಪಡೆಯಲಿ, ಆದರೆ ಕೆಲಸಗಾರರೇ ಇಲ್ಲದ ಯಂತ್ರದ ಅಂಗಡಿಗಳು ತೆರೆದಿರಲಿ ಎಂದು. ಸ್ಟೇಷನ್ನಿನ ಎದುರು ಆಗಲೇ ಅಂಥದೊಂದು ಗಾಜಿನ ಡಬ್ಬ ಬಂದು ಕೂತಿತ್ತು, ಕಾರ್ಡು ತೋರಿಸಿದರೆ ತಾನೇ ಬಾಗಿಲು ತೆರೆಯುವಂಥದ್ದು. ಅದು ಭಾನುವಾರವೂ ತೆರೆದು, ಜುಬೈದಾಳದು ಮುಚ್ಚಿರುವಂತಾದರೆ ಕಥೆ ಮುಗಿಯಿತು.

ಹಾಗಾಗಿ ಮತಪತ್ರದಲ್ಲಿ ಮೂರು ಪ್ರಶ್ನೆಗಳು. ಜನರ ಮಸೂದೆ ಬೇಕೋ ಬೇಡವೋ. ಶಾಸನಸಭೆಯ ಮಸೂದೆ ಬೇಕೋ ಬೇಡವೋ. ಒಂದು ವೇಳೆ ಎರಡೂ ಗೆದ್ದರೆ ಯಾವುದು ಜಾರಿಗೆ ಬರಬೇಕು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಒಂದೊಂದು ವಾಕ್ಯವೂ ಗೂಡ್ಸ್ ರೈಲಿನಂತೆ, ಎಂಜಿನ್ನು ದಾಟಿ ಹೋದ ಎಷ್ಟೋ ಹೊತ್ತಿನ ಮೇಲೆ ಕೊನೆಯಲ್ಲಿ ಕ್ರಿಯಾಪದವೆಂಬ ಗಾರ್ಡಿನ ಡಬ್ಬಿ. ನಾನು ಅದನ್ನು ಬಸ್ಸಿನಲ್ಲಿ ಓದಿದೆ, ಊಟದ ಮೇಜಿನಲ್ಲಿ ಓದಿದೆ. ಹೆಚ್ಚು ಓದಿದಷ್ಟೂ ನನಗೆ ಎಲ್ಲರ ಮಾತೂ ಸರಿಯೆನಿಸುತ್ತ ಹೋಯಿತು. ಇದು ಚಿಂತೆ ಮಾಡುವವರಿಗೆ ಬರುವ ಒಂದು ಬಗೆಯ ಕಾಯಿಲೆ.

ರಫೀಕನಿಗೆ ಅಂಥ ಕಾಯಿಲೆಗಳಿಲ್ಲ. “ನೀವು ಎಂತ ಇಷ್ಟು ತಲೆಬಿಸಿ ಮಾಡುದು ಮಾರಾಯ್ರೆ? ನಾವೆಲ್ಲ ಪರೀಕ್ಷೆ ಪಾಸು ಮಾಡಿಯೇ ಇಲ್ಲಿಗೆ ಬಂದದ್ದಲ್ವಾ? ಕಂಬೈನ್ಡ್ ಸ್ಟಡಿ ಮಾಡುವ” ಎಂದ.

ಹೀಗೆ ಶುರುವಾಯಿತು. ನಮ್ಮ ಸುತ್ತಮುತ್ತ ಇಲ್ಲಿನ ಪ್ರಜೆಗಳಾಗಿ ಓಟಿನ ಹಕ್ಕು ಪಡೆದ ಕನ್ನಡದವರೆಲ್ಲ ಭಾನುವಾರ ಮಧ್ಯಾಹ್ನ ಜುಬೈದಾಳ ಮುಚ್ಚಿದ ಅಂಗಡಿಯೊಳಗೆ ಸೇರುವುದು. ಅಕ್ಕಿ ಮೂಟೆಗಳ ಮೇಲೆ, ಎಣ್ಣೆ ಡಬ್ಬಗಳ ಮೇಲೆ ಕುಳಿತು ಪುಸ್ತಿಕೆ ಓದುವುದು. ಪೋರ್ಷನ್ ಹಂಚಿಕೊಂಡೆವು. ಒಬ್ಬರಿಗೆ ಜನರ ಮಸೂದೆ, ಒಬ್ಬರಿಗೆ ಶಾಸನಸಭೆಯದು, ಮೂರನೆಯ ಪ್ರಶ್ನೆ ನನಗೆ, ಏಕೆಂದರೆ ಅದು ಯಾರಿಗೂ ಬೇಡವಾಗಿತ್ತು. ಮಂಡ್ಯದ ಚೇತನ್ ಎಂಬ ಸಾಫ್ಟ್‌ವೇರ್ ಹುಡುಗ, ಹುಡುಗನೆಂದರೆ ಮೂವತ್ತು ದಾಟಿದವನೇ, ಮೊದಲ ದಿನವೇ ಕೇಳಿದ: “ಅಣ್ಣ, ಇಂಪಾರ್ಟೆಂಟ್ ಎಷ್ಟಿದೆಯೋ ಅಷ್ಟು ಹೇಳ್ಬಿಡಿ. ಪೂರ್ತಿ ಯಾರು ಓದ್ತಾರೆ?”

ಓದು ತಲೆಗೆ ಹೋಗಿದೆಯೋ ಇಲ್ಲವೋ ನೋಡೋಣವೆಂದು ನಾನು ಮನೆಯಲ್ಲಿ ಅಣಕು ಮತಪತ್ರಗಳನ್ನು ಅಚ್ಚು ಹಾಕಿಕೊಂಡು ಹೋದೆ. ಹಂಚಿದೆ. ಎಲ್ಲರೂ ಪಕ್ಕದವರಿಗೆ ಕಾಣದಂತೆ ಕೈ ಅಡ್ಡ ಇಟ್ಟುಕೊಂಡು ಬರೆದರು. ಪತ್ರಗಳನ್ನು ವಾಪಸು ಪಡೆದು ಬಿಡಿಸಿ ನೋಡಿದವನು ಹೆಸರುಬೇಳೆಯ ಮೂಟೆಯ ಮೇಲೆ ಕುಸಿದೆ.

ಅರ್ಧಕ್ಕರ್ಧ ಜನ ಮೊದಲನೆಯ ಪ್ರಶ್ನೆಗೆ ಉತ್ತರಿಸಿ ಎರಡನೆಯದನ್ನು ಖಾಲಿ ಬಿಟ್ಟಿದ್ದರು.

“ಇದ್ಯಾಕೆ ಖಾಲಿ?” ಎಂದೆ.

“ಒಂದು ಅಥವಾ ಎರಡು ಅಲ್ವಾ?” ಎಂದ ಚೇತನ್. “ಚಾಯ್ಸ್ ಇದ್ದಾಗ ಎರಡೂ ಬರೆದ್ರೆ ಒಂದನ್ನ ಹೊಡೆದು ಹಾಕ್ತಾರೆ. ಎಕ್ಸ್‌ಟ್ರಾ ಬರೆದ್ರೆ ಮಾರ್ಕ್ಸ್ ಬರಲ್ಲ ಅಣ್ಣ, ನಮ್ಮ ಮೇಷ್ಟ್ರು ತಲೆಗೆ ಮೊಟಕಿ ಹೇಳ್ಕೊಟ್ಟಿದ್ರು.”

ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ನಡುವೆ ‘ಅಥವಾ’ ಎಂದು ಅಚ್ಚಾಗಿರುತ್ತಿದ್ದುದು ನಿಮಗೂ ನೆನಪಿರಬಹುದು. ಎರಡು ಪ್ರಶ್ನೆ ಪಕ್ಕಪಕ್ಕ ಕಂಡರೆ ಸಾಕು, ಸುಲಭದ್ದನ್ನು ಆರಿಸಿ ಇನ್ನೊಂದನ್ನು ಕಣ್ಣೆತ್ತಿ ನೋಡದಿರುವುದು ನಮ್ಮ ರಕ್ತಕ್ಕೆ ಇಳಿದ ವಿದ್ಯೆ. ಎರಡನೆಯದನ್ನು ಖಾಲಿ ಬಿಟ್ಟರೆ ಯಂತ್ರದಂಗಡಿಗೆ ಎದುರಾಗಿ ಬೀಳಬೇಕಾದ ಒಂದು ಓಟು ಇಲ್ಲವಾಗುತ್ತದೆ ಎಂದು ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಇನ್ನೂ ದೊಡ್ಡ ಆಘಾತ ರಫೀಕನ ಕಾಗದ. ತನ್ನ ಹೆಂಡತಿಯದೇ ಅಂಗಡಿ, ಆ ಮಹಾಶಯ ಜನರ ಮಸೂದೆಯ ಮುಂದೆ ‘ನೈನ್’, ಅಂದರೆ ‘ಬೇಡ’ ಎಂಬ ವೃತ್ತದಲ್ಲಿ ಕತ್ತರಿಯಂತೆ ದೊಡ್ಡದೊಂದು ಇಂಟು ಮಾರ್ಕು ಹಾಕಿದ್ದ.

“ಬೇಡ ಅಂತ ಹಾಕಿದ್ದೀರಲ್ರೀ!”

“ಇಲ್ಲ ಮಾರಾಯ್ರೆ, ‘ಬೇಡ’ವನ್ನು ಹೊಡೆದು ಹಾಕಿದ್ದು. ತಪ್ಪಿಗೆ ಅಲ್ವಾ ಕತ್ತರಿ ಹಾಕುದು? ಸರಿಗೆ ರೈಟ್ ಮಾರ್ಕು.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದನೇ ಕ್ಲಾಸಿನಿಂದ ನಮ್ಮ ನೋಟುಬುಕ್ಕುಗಳಲ್ಲಿ ಕೆಂಪು ಕತ್ತರಿ ಬಿದ್ದದ್ದೆಲ್ಲ ತಪ್ಪೇ. ಇಲ್ಲಿನವರು ಮಾತ್ರ ಮೆಚ್ಚಿದ್ದಕ್ಕೆ ಕತ್ತರಿ ಹಾಕುತ್ತಾರೆ. ಜುಬೈದಾ ಗಂಡನ ಕಾಗದವನ್ನು ನೋಡಿ, “ಅಲ್ಲಾ, ಇವರನ್ನು ನಂಬಿ ನಾನು ಅಂಗಡಿ ಹಾಕಿದ್ದಲ್ವಾ!” ಎಂದು ಹಣೆ ಹಿಡಿದುಕೊಂಡಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬೂತಿನೊಳಗೆ ಕತ್ತರಿ ಹಿಡಿದು ನಿಂತ ರಫೀಕ್ ಆ ವಾರವಿಡೀ ನನ್ನ ಕಣ್ಣ ಮುಂದೆ ಬರುತ್ತಿದ್ದ.

ಮೂರನೆಯ ಪ್ರಶ್ನೆಯನ್ನು ಅರ್ಥ ಮಾಡಿಸುವ ಹೊಣೆ ನನ್ನದಿತ್ತಲ್ಲ, ಮುಂದಿನ ಭಾನುವಾರ ತಯಾರಾಗಿ ಹೋದೆ. ಚಿತ್ರ, ಬಾಣ, ಚೌಕ ಎಲ್ಲ ಬರೆದು ತೋರಿಸಿ ಸೋತ ಮೇಲೆ, ಕೊನೆಗೆ ಬಾಯಿಗೆ ಬಂದದ್ದು ಇದು: “ನೋಡಿ, ಮನೆಯಲ್ಲಿ ಒಲೆ ಒಂದೇ ಇದೆ ಅಂದ್ಕೊಳಿ. ಮೊದಲನೇ ಪ್ರಶ್ನೆ, ಇಡ್ಲಿ ಬೇಕಾ? ಎರಡನೇದು, ದೋಸೆ ಬೇಕಾ? ಎರಡಕ್ಕೂ ಹೌದು ಅನ್ಬಹುದು, ಎರಡಕ್ಕೂ ಬೇಡ ಅನ್ಬಹುದು, ಅಡ್ಡಿಯಿಲ್ಲ. ಮೂರನೇದು, ಎರಡಕ್ಕೂ ಹೆಚ್ಚು ಜನ ಕೈಯೆತ್ತಿದ್ರೆ ಒಲೆ ಮೇಲೆ ಯಾವುದು ಇಡೋಣ?”

“ಎರಡೂ ಬೇಡ ಅಂದವನು ಮೂರನೇದಕ್ಕೆ ಉತ್ತರ ಬರೀಬಹುದಾ?” ಎಂದು ಯಾರೋ ಕೇಳಿದರು.

“ಬರೀಬಹುದು.”

“ಅದೇನ್ ಗುರು ಇದು!” ಎಂದು ಚೇತನ್ ಪಕ್ಕದವನ ತೊಡೆ ತಟ್ಟಿದ. “ಉಪವಾಸ ಇರೋನಿಗೂ ಚಟ್ನಿನಾ ಸಾಂಬಾರಾ ಅಂತ ಕೇಳ್ತಾರೆ!”

ಎರಡೂ ಬೇಡ ಅಂದವನ ಬಗ್ಗೆ ಕೇಳಿದ್ದು ಯಾರೆಂದು ಆಗ ತಿರುಗಿ ನೋಡಿದೆ. ಗಿರಿಜಾ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೋಟು ತೆಗೆಯದೆಯೇ ಕುಳಿತಿದ್ದಳು. ಅವಳು ಸೂಪರ್‌ಮಾರ್ಕೆಟ್ಟಿನಲ್ಲಿ ಗಲ್ಲಾದಲ್ಲಿ ಕೆಲಸ ಮಾಡುತ್ತಾಳೆ. ವಾರದ ಆರು ದಿನಗಳಲ್ಲಿ ಯಾವ ದಿನ, ಯಾವ ಹೊತ್ತು ಎಂದು ಹೇಳಲಾಗದ ಪಾಳಿ. ಅವಳಿಗೆ ಖಾತ್ರಿಯಾಗಿ ಸಿಗುತ್ತಿದ್ದದ್ದು ಭಾನುವಾರವೊಂದೇ. ಅದನ್ನೂ ನಾನು ಈ ಕಂಬೈನ್ಡ್ ಸ್ಟಡಿಗೆ ಎಳೆದು ತಂದಿದ್ದೆ.

“ನಾನೊಂದು ಮಾತು ಹೇಳಿಬಿಡ್ತೀನಿ ಜುಬೈದಾ” ಎಂದಳು. “ನಿನ್ನ ಮುಂದೆ ಹೂಂ ಅಂದು, ಒಳಗೆ ಹೋಗಿ ಬೇರೆ ಹಾಕೋದು ನನ್ನ ಕೈಲಾಗಲ್ಲ. ಇವತ್ತು ಮನೆಯೋರೇ ನಡೆಸೋ ಚಿಕ್ಕ ಅಂಗಡಿ ಅಂತಾರೆ. ನಾಳೆ ನಮ್ಮ ಮ್ಯಾನೇಜರು, ಅವರು ತೆಗೀತಾರೆ ನಾವ್ಯಾಕೆ ತೆಗೀಬಾರ್ದು ಅಂತಾನೆ. ನಿಂಗೆ ಭಾನುವಾರ ಬಾಗಿಲು ತೆಗೆಯೋ ಹಕ್ಕು ಬೇಕು. ನಂಗೆ ಮುಚ್ಚೋ ಹಕ್ಕು ಬೇಕು ಕಣೆ. ಒಂದನೇದಕ್ಕೂ ಬೇಡ, ಎರಡನೇದಕ್ಕೂ ಬೇಡ ಅಂತ ಹಾಕ್ತೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲ್ಲ ಅನಾಹುತಗಳನ್ನೂ ಮೊದಲೇ ಊಹಿಸಿಕೊಳ್ಳುವವನು, ಆದರೆ ಅನಾಹುತ ಪಕ್ಕದಲ್ಲೇ ಕೋಟು ಹಾಕಿಕೊಂಡು ಕುಳಿತಿರುತ್ತದೆ ಎಂದು ಎಣಿಸಿರಲಿಲ್ಲ.

“ಆದ್ರೆ” ಎಂದಳು ಗಿರಿಜಾ, “ಮೂರನೇದಕ್ಕೆ ನಿಂದೇ. ಹೇಗೂ ಯಾವುದೋ ಒಂದು ಬರೋದೇ ಆದ್ರೆ, ಆ ಗಾಜಿನ ಡಬ್ಬಕ್ಕಿಂತ ನೀನು ಬಾ.”

ಜುಬೈದಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಾಜಿನ ಬಾಗಿಲನ್ನು ಯಾರೋ ತಟ್ಟಿದರು.

ಹೊರಗಿನಿಂದ ನೋಡುವವರಿಗೆ ಏನು ಕಾಣುತ್ತದೆ, ಯೋಚಿಸಿ: ಭಾನುವಾರ, ಅಂಗಡಿಯಲ್ಲಿ ದೀಪ, ಒಳಗೆ ಜನಜಂಗುಳಿ. ಭಾನುವಾರ ಅಂಗಡಿ ತೆರೆಯುವ ಹಕ್ಕಿನ ಬಗ್ಗೆ ಓದುತ್ತಿದ್ದೇವೆ ಎಂದರೆ ಯಾವ ಅಧಿಕಾರಿ ನಂಬಿಯಾನು? “ದೀಪ ಆರಿಸಿ, ದೀಪ ಆರಿಸಿ” ಎಂದು ಪಿಸುಗುಟ್ಟಿದೆ. “ಆರಿಸಿದ್ರೆ ಇನ್ನೂ ಡೌಟ್ ಬರುತ್ತೆ ಅಣ್ಣ” ಎಂದ ಚೇತನ್. ಜುಬೈದಾ ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ ಬಾಗಿಲು ತೆರೆದಳು. ಹೊರಗೆ ಟೋಪಿ ಕೈಯಲ್ಲಿ ಹಿಡಿದ ಮುದುಕ. ಸೂಪಿಗೆ ಈರುಳ್ಳಿ ಇಲ್ಲವಂತೆ, ದೀಪ ಕಂಡಿತಂತೆ, ತೆರೆದಿದೆಯೇ ಎಂದು ಕೇಳಿದ. ಇಲ್ಲ, ಇವತ್ತು ಮಾರುವಂತಿಲ್ಲ ಎಂದು ಜುಬೈದಾ ಹೇಳಿದಳು. ಅವನು ಕ್ಷಮೆ ಕೇಳಿ ತಿರುಗಿದ. ಅವಳು ಅವನನ್ನು ಕೂಗಿ ನಿಲ್ಲಿಸಿ, ಬುಟ್ಟಿಯಿಂದ ಒಂದಷ್ಟು ಈರುಳ್ಳಿ ತೆಗೆದು ಅವನ ಟೋಪಿಯೊಳಗೆ ಹಾಕಿದಳು.

“ಮಾರ್ಲಿಕ್ಕೆ ಆಗುದಿಲ್ಲ, ಕೊಡ್ಲಿಕ್ಕೆ ಆಗ್ತದಲ್ಲ” ಎಂದು ನಮ್ಮ ಕಡೆ ತಿರುಗಿ ಹೇಳಿ, ಬಂದು ಗಿರಿಜಾಳ ಪಕ್ಕದ ಡಬ್ಬದ ಮೇಲೆ ಕುಳಿತಳು. ಆಮೇಲೆ ಜುಬೈದಾ, “ಅಕ್ಕ, ನೀವು ಮುಖದ ಮುಂದೆಯೇ ಬೇಡ ಅಂದ್ರಿ. ಬೇಜಾರಾಯ್ತು, ಆಗಿಲ್ಲ ಅಂತ ಹೇಳುದಿಲ್ಲ” ಎಂದಳು. “ಮೂರನೇದು ಮಾತ್ರ ಮರೀಬೇಡಿ.”

“ಇವ್ರನ್ನ ಕಟ್ಕೊಂಡ ಮೇಲೆ ಮರೆಯೋಕೆ ಬಿಡ್ತಾರಾ?” ಎಂದು ಗಿರಿಜಾ ಗದ್ದದಿಂದ ನನ್ನ ಕಡೆ ತೋರಿಸಿದಳು.

ಮತದಾನದ ದಿನ ಎಲ್ಲ ಸರಿಯಾಗೇ ನಡೆಯಿತು. ಗುರುತಿನ ಚೀಟಿ ಜೇಬಿನಲ್ಲೇ ಇತ್ತು, ಶಾಲೆ ನಮ್ಮದೇ ಆಗಿತ್ತು, ಪಟ್ಟಿಯಲ್ಲಿ ಅಪ್ಪನೂ ನಾನೂ ಒಟ್ಟಿಗೆ ಸಿಕ್ಕೆವು. ಪುಟಾಣಿ ಮಕ್ಕಳ ಕುರ್ಚಿಗಳ ನಡುವೆ ರಟ್ಟಿನ ಮರೆಯ ಹಿಂದೆ ಕುಳಿತು, ಮೊಣಕಾಲು ಗದ್ದಕ್ಕೆ ತಾಗುತ್ತಿರಲು, ನಾನು ಮೂರು ಪ್ರಶ್ನೆಗಳನ್ನು ಮತ್ತೆ ಮೊದಲಿನಿಂದ ಓದಿದೆ. ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಬೇಡ. ಮೂರನೆಯದಕ್ಕೆ ಜನರದ್ದು. ಮತ್ತೆ ಓದಿದೆ. ಹೊರಗಿನಿಂದ ಮತಗಟ್ಟೆಯ ಹೆಂಗಸು, ಏನಾದರೂ ಸಹಾಯ ಬೇಕೇ ಎಂದು ಮೆಲ್ಲಗೆ ಕೇಳಿದಳು. ಬೇಡ, ಎಲ್ಲ ಅರ್ಥವಾಗಿದೆ, ಅದೇ ತೊಂದರೆ ಎಂದು ಹೇಳೋಣವೆನಿಸಿತು.

ಪೆಟ್ಟಿಗೆಗೆ ಹಾಕಿ ಹೊರಬಂದಾಗ ಕೈಯನ್ನೊಮ್ಮೆ ನೋಡಿಕೊಂಡೆ. ಬೆರಳಿಗೆ ಶಾಯಿ ಇಲ್ಲ. ಮೈಸೂರಿನಲ್ಲಾದರೆ ಎಡಗೈ ಬೆರಳ ಮೇಲೆ ಆ ನೀಲಿ ಗೆರೆ ವಾರಗಟ್ಟಲೆ ಇರುತ್ತಿತ್ತು, ಹಾಕಿದ್ದೇನೆ ಎಂಬುದಕ್ಕೆ ಅದೇ ಸಾಕ್ಷಿ. ಇಲ್ಲಿ ನೀವು ಹಾಕಿದ್ದೀರೆಂದು ನಿಮಗೇ ನಂಬಿಕೆ ಬರಬೇಕು. ನನ್ನಂಥವನಿಗೆ ಇದು ಬಹಳ ಕಷ್ಟದ ವ್ಯವಸ್ಥೆ.

ಗಿರಿಜಾ ನನಗಿಂತ ಮೊದಲೇ ಮುಗಿಸಿ ಹೊರಗೆ ನಿಂತಿದ್ದಳು. “ಎಷ್ಟೊತ್ತು ರೀ? ಅಡಿಷನಲ್ ಶೀಟ್ ತಗೊಂಡ್ರಾ?” ಎಂದಳು. ಮೂರನೆಯದು ನೆನಪಿತ್ತೇ ಎಂದು ಕೇಳಿದೆ. “ಗುಟ್ಟಿನ ಮತದಾನ ಅಂತ ನೀವೇ ಪಾಠ ಮಾಡಿದ್ರಲ್ಲ” ಎಂದು ಮುಂದೆ ನಡೆದಳು.

ಫಲಿತಾಂಶ ಬಂದಾಗ ಎರಡೂ ಮಸೂದೆಗಳು ಗೆದ್ದಿದ್ದವು. ಜನಕ್ಕೆ ಇಡ್ಲಿಯೂ ಬೇಕಿತ್ತು, ದೋಸೆಯೂ ಬೇಕಿತ್ತು. ಯಾರೂ ಲೆಕ್ಕಕ್ಕಿಟ್ಟಿರದ ಆ ಮೂರನೆಯ ಪ್ರಶ್ನೆಯೇ ಎಲ್ಲವನ್ನೂ ನಿರ್ಧರಿಸಿತು. ಜನರ ಮಸೂದೆ ಜಾರಿಗೆ ಬಂತು. ಜುಬೈದಾ ಫೋನಿನಲ್ಲಿ ಮೊದಲು ಮಾತಾಡಿದ್ದು ನನ್ನೊಡನೆಯಲ್ಲ, ಗಿರಿಜಾಳೊಡನೆ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಫೋನಿಟ್ಟ ಮೇಲೆ ಗಿರಿಜಾ, “ನಾನು ಸೋತೂ ಗೆದ್ದಿದೀನಿ ನೋಡಿ. ಇಂಥದ್ದು ಎಲ್ಲೂ ಕೇಳಿರ್ಲಿಲ್ಲ” ಎಂದು ಅಡುಗೆಮನೆಗೆ ಹೋದಳು.

ಅಂಗಡಿ ತೆರೆದ ಮೊದಲ ಭಾನುವಾರ ನೀವು ನೋಡಬೇಕಿತ್ತು. ನೀರುದೋಸೆ, ಕೋಳಿ ಸುಕ್ಕ, ಮಾಂಸ ತಿನ್ನದ ನಮಗಾಗಿ ಬೇರೆ ಪಾತ್ರೆಯಲ್ಲಿ ಕಾಯಿಹಾಲು ಬೆಲ್ಲ. ಎಲ್ಲ ಊರುಗಳಿಂದ ಎಲ್ಲರೂ ಬಂದಿದ್ದರು. ಬಾಗಿಲ ಮುಂದೆ ಫೋಟೋ. ಚೇತನ್ ಅಕ್ಕಿ ಮೂಟೆಯನ್ನು ಹೆಗಲ ಮೇಲೆ ಹೊತ್ತು, “ಇದು ನಮ್ಮ ಓಟಿನ ಅಕ್ಕಿ ಮಗಾ!” ಎಂದು ಕೂಗಿದ. ನಾನು ಕೂಡ, ಏನೂ ತಪ್ಪಾಗಲಿಲ್ಲವಲ್ಲ ಎಂಬ ಅಪರೂಪದ ನೆಮ್ಮದಿಯಲ್ಲಿ, ಅಗತ್ಯಕ್ಕಿಂತ ಹೆಚ್ಚು ದೋಸೆ ತಿಂದೆ.

ಅದರ ಮುಂದಿನ ವಾರ ಮಳೆ. ಅದರ ಮುಂದಿನ ವಾರ ಮಗಳ ಗೆಳತಿಯ ಹುಟ್ಟುಹಬ್ಬ. ಆಮೇಲೆ ಚಳಿ. ಚಳಿಗಾಲದ ಭಾನುವಾರದಲ್ಲಿ ಒಂದು ಬಗೆಯ ಸುಸ್ತಿದೆ, ಅದನ್ನು ಹೇಗೆ ಹೇಳುವುದೋ ತಿಳಿಯದು. ವಾರವಿಡೀ ಎಳೆದ ಗಾಡಿಯನ್ನು ಬಿಚ್ಚಿ ಎತ್ತು ಮಲಗಿದಂತೆ, ಮೈ ಮಂಚ ಬಿಟ್ಟು ಏಳುವುದಿಲ್ಲ. ಹಿಂದೆ ಸೂತಕದ ಮನೆ ಎಂದು ಬೈದಿದ್ದ ಆ ಮೌನವೇ ಈಗ ಮೊಣಕಾಲಿಗೆ ಹಚ್ಚಿದ ಬಿಸಿ ಎಣ್ಣೆಯಂತೆ ಹಿತವಾಗಿರುತ್ತದೆ. ಎಲ್ಲೂ ಹೋಗಬೇಕಿಲ್ಲ, ಏನೂ ತರಬೇಕಿಲ್ಲ, ಎಲ್ಲ ಮುಚ್ಚಿದೆ ಎಂಬ ಭಾವನೆಯೇ ಒಂದು ಸುಖ. ಅದು ಸುಳ್ಳು, ಒಂದು ಅಂಗಡಿ ತೆರೆದಿದೆ ಎಂಬುದು ನೆನಪಾಗುವ ಹೊತ್ತಿಗೆ ಸೋಮವಾರ ಬಂದಿರುತ್ತದೆ. ರಫೀಕ್ ಬಸ್ಸಿನಲ್ಲಿ ಸಿಕ್ಕಾಗ ವ್ಯಾಪಾರ ಹೇಗಿದೆ ಎಂದು ಕೇಳುತ್ತೇನೆ. “ಉಂಟು, ನಡೀತದೆ. ಕರಾರು ಇನ್ನೊಂದು ವರ್ಷಕ್ಕೆ ಮಾಡಿದ್ದೇವೆ, ಆಮೇಲೆ ನೋಡುವ” ಎನ್ನುತ್ತಾನೆ. “ಈ ಭಾನುವಾರ ಬಂದೇ ಬರ್ತೀವಿ” ಎನ್ನುತ್ತೇನೆ. ಅವನು ಕಿಟಕಿಯಾಚೆ ನೋಡುತ್ತಾನೆ.

ಇವತ್ತೂ ಭಾನುವಾರವೇ. ಇಲ್ಲಿಯ ತನಕ ಬರೆದವನಿಗೆ ಮುಂದಕ್ಕೆ ಪೆನ್ನು ಓಡಲಿಲ್ಲ. ಎದ್ದು ಬೂಟು ಹಾಕಿಕೊಂಡೆ.

“ಎಲ್ಲಿಗೆ ಹೊರಟ್ರಿ?” ಎಂದಳು ಗಿರಿಜಾ, ಸೋಫಾದಿಂದ ತಲೆ ಎತ್ತದೆ.

“ಅಂಗಡಿಗೆ.”

“ಇವತ್ತು ಭಾನುವಾರ ಕಣ್ರೀ” ಎಂದಳು. ಎಂದವಳು ಒಂದು ಕ್ಷಣ ತಡೆದು ಎದ್ದು ಕುಳಿತಳು. ನನ್ನನ್ನೇ ನೋಡಿದಳು. ಬಾಗಿಲ ಹಿಂದಿನ ಬಟ್ಟೆ ಚೀಲವನ್ನು ತಂದು ಕೈಗೆ ಕೊಟ್ಟಳು.

ಬೀದಿ ಖಾಲಿ. ಚರ್ಚಿನ ದಾರಿಯಲ್ಲಿ ಒಂದೇ ಒಂದು ಕಡೆ ದೀಪ ಉರಿಯುತ್ತಿತ್ತು. ಜುಬೈದಾ ಗಲ್ಲಾದ ಹಿಂದೆ ಶಾಲು ಹೊದ್ದು, ತಟ್ಟೆಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ನಾನು ಬಾಗಿಲು ತಳ್ಳಿದ ಸದ್ದಿಗೆ ತಲೆಯೆತ್ತಿದವಳು ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು. ಮಡಿಲಲ್ಲಿದ್ದ ಸಿಪ್ಪೆ ಎಲ್ಲ ನೆಲಕ್ಕೆ ಚೆಲ್ಲಿತು.

“ಎಂತ ಆಯ್ತು ಅಣ್ಣ?” ಎಂದಳು. “ಗಿರಿಜಕ್ಕ ಹುಷಾರಿದ್ದಾರಲ್ಲ?”